ರಬ್ಬರ್ ದೋಣಿಗೆ ನಂಬರ್: ನೋಂದಣಿಯಿಂದ ಟ್ಯೂಬಿನ ಮೇಲೆ ಅಂಟಿಸುವವರೆಗೆ ಸಮಗ್ರ ಮಾರ್ಗದರ್ಶಿ

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲುಗಳ ನಡುವೆ ಆಗೊಂದು ಈಗೊಂದು ಗಾಳಿ ತುಂಬುವ ರಬ್ಬರ್ ದೋಣಿ ಕಾಣುತ್ತದೆ. ಮಡಚಿ ಬೈಕಿನ ಹಿಂದೆ ಕಟ್ಟಿಕೊಂಡು ಬರಬಹುದು. ದಡದಲ್ಲಿ ಸ್ವಲ್ಪ ಹೊತ್ತು ಪಂಪ್ ಹೊಡೆದರೆ ದೋಣಿ ರೆಡಿ. ಕೊಳ್ಳುವವರು ಎಷ್ಟು ಜನ ಕೂರಬಹುದು, ಎಂಜಿನ್ ಹಾಕಬಹುದಾ, ಬೆಲೆ ಎಷ್ಟು ಅಂತೆಲ್ಲ ಕೇಳುತ್ತಾರೆ. ನಂಬರ್ ಬಗ್ಗೆ ಯಾರೂ ಕೇಳುವುದಿಲ್ಲ.

ಕೇಳುವ ದಿನ ಬಂದೇ ಬರುತ್ತದೆ. ದೋಣಿ ಕಳುವಾದ ದಿನ, ರಾತ್ರಿ ಗಾಳಿಗೆ ಹಗ್ಗ ಬಿಚ್ಚಿಕೊಂಡು ಆಚೆ ದಡ ಸೇರಿದ ದಿನ, ಅಥವಾ ನೀರಿನ ಮಧ್ಯೆ ಖಾಲಿ ದೋಣಿ ಸಿಕ್ಕಿ ‘ಇದು ಯಾರದು, ಒಳಗಿದ್ದವರು ಎಲ್ಲಿ’ ಅಂತ ಊರೂರಿಗೆ ಫೋನ್ ಹೋದ ದಿನ. ತುಂಬಿದಾಗ ತುಂಗಭದ್ರಾ ಜಲಾಶಯ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಒಂದು ದಡ ಕೊಪ್ಪಳ ಜಿಲ್ಲೆ, ಇನ್ನೊಂದು ದಡ ವಿಜಯನಗರ ಜಿಲ್ಲೆ. ಬೂದು ಬಣ್ಣದ ರಬ್ಬರ್ ದೋಣಿಗಳೋ, ಎಲ್ಲ ಒಂದೇ ಥರ. ಗುರುತು ಸಿಗಬೇಕಾದರೆ ಮೈಮೇಲೆ ನಂಬರ್ ಇರಬೇಕು, ಆ ನಂಬರ್ ಒಂದು ದಾಖಲೆಯಲ್ಲೂ ಇರಬೇಕು.

ಹಾಗಾಗಿ ಇಲ್ಲಿ ಎರಡು ಕೆಲಸ ಇವೆ. ಒಂದು ಕಾಗದದ್ದು, ಇನ್ನೊಂದು ಅಂಟಿಸುವುದು. ಕಚೇರಿ ಕೆಲಸ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ನಿಜವಾದ ತಲೆನೋವು ಎರಡನೆಯದು. ನಮ್ಮ ಬಿಸಿಲಿಗೆ ರಬ್ಬರ್ ಮೇಲೆ ಏನೂ ನಿಲ್ಲುವುದಿಲ್ಲ. ಅದಕ್ಕೇ ಆ ಭಾಗವನ್ನು ಜಾಸ್ತಿ ಬಿಡಿಸಿ ಬರೆದಿದ್ದೇನೆ.

ನಿಮ್ಮ ದೋಣಿ ಯಾವ ಲೆಕ್ಕಕ್ಕೆ ಬರುತ್ತದೆ

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ದೋಣಿ ನೋಂದಣಿ ಆರ್‌ಟಿಒ ಕೆಲಸ ಅಲ್ಲ. ಕೆಲವರು ತಮ್ಮ ಬೈಕಿನ ಕೆಎ-37 ನಂಬರನ್ನೇ ದೋಣಿ ಮೇಲೆ ಬರೆಸಿಬಿಡುತ್ತಾರೆ. ಅದು ಬೈಕಿನ ನಂಬರ್ ಅಷ್ಟೇ. ದೋಣಿಗೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ, ಮೇಲಾಗಿ ತನಿಖೆ ಮಾಡುವವರಿಗೆ ದಾರಿ ತಪ್ಪುತ್ತದೆ. ಹಾಗೆಯೇ ಮಲ್ಪೆ, ಮಂಗಳೂರಿನ ಬೋಟುಗಳ ಮೇಲೆ ಐಎನ್‌ಡಿ-ಕೆಎ ಅಂತ ಶುರುವಾಗುವ ನಂಬರ್ ನೋಡಿರುತ್ತೀರಿ. ಅದು ಸಮುದ್ರ ಮೀನುಗಾರಿಕೆಯ ಲೆಕ್ಕ. ಹೊಳೆ, ಕೆರೆ, ಡ್ಯಾಮಿನ ದೋಣಿಗೆ ಅದನ್ನು ನಕಲು ಮಾಡಬೇಡಿ.

ನಮ್ಮ ನೀರಿಗೆ ಅನ್ವಯಿಸುವುದು 2021ರ ಒಳನಾಡು ಹಡಗುಗಳ ಕಾಯ್ದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಇದು ಬಂದಿದೆ. ಹಡಗು ಅಂದ ತಕ್ಷಣ ದೊಡ್ಡದು ಅಂದುಕೊಳ್ಳಬೇಡಿ, ದೋಣಿಯೂ ಅದರಲ್ಲಿ ಬರುತ್ತದೆ. ಈ ಕಾಯ್ದೆ ದೋಣಿಗಳನ್ನು ಎರಡು ಗುಂಪು ಮಾಡುತ್ತದೆ: ಯಂತ್ರದಿಂದ ಓಡುವವು, ಯಂತ್ರ ಇಲ್ಲದವು.

ಯಂತ್ರ ಇದ್ದರೆ ತಪಾಸಣೆ ಆಗಬೇಕು, ಆಮೇಲೆ ನೋಂದಣಿ ಆಗಬೇಕು, ಸಿಕ್ಕ ನಂಬರನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ವಿಮೆಯೂ ಬೇಕು. ಪೂರ್ತಿ ಯಂತ್ರದಿಂದಲೇ ಓಡಬೇಕು ಅಂತಿಲ್ಲ, ಅರ್ಧ ಹುಟ್ಟು ಹಾಕಿ ಅರ್ಧ ಮೋಟರ್ ಓಡಿಸಿದರೂ ಅದು ಯಂತ್ರದ ದೋಣಿಯೇ. ಬ್ಯಾಟರಿಗೆ ಜೋಡಿಸುವ ಪುಟ್ಟ ಎಲೆಕ್ಟ್ರಿಕ್ ಮೋಟರ್ ಇದೆಯಲ್ಲ, ‘ಅದಕ್ಕೆ ಪೆಟ್ರೋಲ್ ಬೇಡ, ಹಾಗಾಗಿ ನೋಂದಣಿಯೂ ಬೇಡ’ ಅಂತ ಅಂಗಡಿಯವರು ಹೇಳಬಹುದು. ಆ ಮಾತಿಗೆ ಬೆಲೆ ಕೊಡಬೇಡಿ.

ಹುಟ್ಟು ಮಾತ್ರ ಇರುವ ದೋಣಿಗೆ ಇಷ್ಟು ಬಿಗಿ ಇಲ್ಲ. ಅಂಥ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲಿ ಪಟ್ಟಿ ಮಾಡಿಕೊಳ್ಳುವ ವ್ಯವಸ್ಥೆ ಮಾಡಲು ಕಾಯ್ದೆ ರಾಜ್ಯ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ನಿಮ್ಮ ದೋಣಿ ಈ ಗುಂಪಿನದ್ದಾದರೆ ಸಂಘದ ನಂಬರ್ ಬಗ್ಗೆ ಮುಂದೆ ಬರೆದಿರುವುದನ್ನು ತಪ್ಪದೆ ನೋಡಿ.

ನಂಬರ್ ಬೇರೆ, ಮೀನು ಹಿಡಿಯುವ ಅನುಮತಿ ಬೇರೆ

ಇದನ್ನು ಜನ ಪದೇ ಪದೇ ಬೆರೆಸಿಬಿಡುತ್ತಾರೆ. ದೋಣಿ ನೋಂದಣಿ ಆಯಿತು ಅಂದರೆ ಎಲ್ಲಿ ಬೇಕಾದರೂ ಬಲೆ ಬಿಡಬಹುದು ಅಂತಲ್ಲ. ತುಂಗಭದ್ರಾ ಜಲಾಶಯದ ಮೀನುಗಾರಿಕೆ ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಕೆರೆಗಳಾದರೆ ದೊಡ್ಡವು ಮೀನುಗಾರಿಕೆ ಇಲಾಖೆಯವು, ಚಿಕ್ಕವು ಗ್ರಾಮ ಪಂಚಾಯಿತಿಯವು. ಗುತ್ತಿಗೆ ಪಡೆದ ಸಂಘ ಇದ್ದರೆ ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕಿದರೂ ಜಗಳವೇ.

ಡ್ಯಾಮಿನ ಕೆಳಗೆ ಇನ್ನೊಂದು ವಿಷಯ ಇದೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ. ಎಂಜಿನ್ ದೋಣಿ ಇಳಿಸುವ ಮೊದಲು ಅವರನ್ನು ಕೇಳಿ. ರಾಯಚೂರು ಕಡೆ ಕೃಷ್ಣಾ ನದಿಗೆ ಇಳಿಯುವವರಿಗೆ ಮೊಸಳೆ ಇದೆ ಅಂತ ನಾನೇನು ಹೊಸದಾಗಿ ಹೇಳಬೇಕಿಲ್ಲ. ತೆಳು ರಬ್ಬರ್ ದೋಣಿಗೆ ಅದು ಸರಿಯಾದ ಜಾಗ ಅಂತ ನನಗಂತೂ ಅನಿಸುವುದಿಲ್ಲ.

ಫೈಲ್ ಕಟ್ಟುವುದು

ಕಚೇರಿಗೆ ಹೋಗುವ ಮೊದಲೇ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇವನ್ನೆಲ್ಲ ಹಾಕಿಟ್ಟುಕೊಳ್ಳಿ: ದೋಣಿ ಕೊಂಡ ಜಿಎಸ್‌ಟಿ ಬಿಲ್, ಎಂಜಿನ್ ಬಿಲ್ ಬೇರೆ ಇದ್ದರೆ ಅದೂ, ಆಧಾರ್, ವಿಳಾಸದ ದಾಖಲೆ, ಮೀನುಗಾರರ ಸಹಕಾರ ಸಂಘದ ಸದಸ್ಯತ್ವ ಇದ್ದರೆ ಅದರ ಪ್ರತಿ, ಮೀನು ಹಿಡಿಯುವ ಪರವಾನಗಿ, ದೋಣಿಯ ಫೋಟೋಗಳು. ಸೆಕೆಂಡ್ ಹ್ಯಾಂಡ್ ದೋಣಿಯಾದರೆ ಮಾರಿದವರ ಸಹಿ ಇರುವ ಕಾಗದ ಬೇಕೇ ಬೇಕು. ಬಿಲ್ ಕಳೆದುಹೋಗಿದ್ದರೆ ಆನ್‌ಲೈನ್‌ನಲ್ಲಿ ಕೊಂಡವರು ಹಳೆಯ ಆರ್ಡರ್ ತೆಗೆದು ಬಿಲ್ ಮತ್ತೆ ಇಳಿಸಿಕೊಳ್ಳಬಹುದು.

ಫೋಟೋ ಅಂದರೆ ದೋಣಿಯಲ್ಲಿ ಕೂತು ಮೀನು ಎತ್ತಿ ತೋರಿಸುವ ಫೋಟೋ ಅಲ್ಲ. ಎಡಬದಿ, ಬಲಬದಿ, ಮುಂದೆ, ಹಿಂದೆ, ಮೇಲಿನಿಂದ ಒಂದೊಂದು ತೆಗೆಯಿರಿ. ಜೊತೆಗೆ ತಯಾರಕರು ದೋಣಿಗೆ ಅಂಟಿಸಿರುವ ಮಾಹಿತಿ ಪಟ್ಟಿಯನ್ನು ಹತ್ತಿರದಿಂದ ಒಂದು. ಒಳ್ಳೆಯ ದೋಣಿಗಳಲ್ಲಿ ಈ ಪಟ್ಟಿ ಹಿಂದಿನ ಎಂಜಿನ್ ಹಲಗೆಯ ಹತ್ತಿರ ಅಥವಾ ಟ್ಯೂಬಿನ ಒಳಬದಿಯಲ್ಲಿ ಇರುತ್ತದೆ. ಎಷ್ಟು ಜನ, ಎಷ್ಟು ಕೆಜಿ, ಟ್ಯೂಬಿಗೆ ಎಷ್ಟು ಗಾಳಿ, ಹೆಚ್ಚೆಂದರೆ ಎಷ್ಟು ಕಿಲೋವ್ಯಾಟಿನ ಎಂಜಿನ್ ಅಂತ ಬರೆದಿರುತ್ತದೆ. ಐಎಸ್‌ಒ 6185 ಅನ್ನುವ ಸಂಖ್ಯೆ ಕಂಡರೆ ಅದು ಗಾಳಿ ದೋಣಿಗಳ ಅಂತರರಾಷ್ಟ್ರೀಯ ಮಾನದಂಡ. ಅದರ ಒಂದನೇ ಭಾಗ 4.5 ಕಿಲೋವ್ಯಾಟ್‌ವರೆಗಿನ, ಅಂದರೆ ಸುಮಾರು 6 ಎಚ್‌ಪಿವರೆಗಿನ ಎಂಜಿನ್ನಿನ ದೋಣಿಗಳಿಗೆ.

ಅದೇ ಪಟ್ಟಿಯಲ್ಲಿ ಅಥವಾ ಪಕ್ಕದಲ್ಲಿ ಅಕ್ಷರ ಮತ್ತು ಅಂಕಿ ಸೇರಿದ ಉದ್ದನೆಯ ಸಂಖ್ಯೆಯೊಂದು ಇರಬಹುದು. ಅಮೆರಿಕದ ಮಾರುಕಟ್ಟೆಗೆ ಮಾಡಿದ ದೋಣಿಯಾದರೆ ಅದರಲ್ಲಿ 12 ಅಕ್ಷರ ಇರುತ್ತವೆ. ಅದು ದೋಣಿಯ ಒಡಲಿನ ಸಂಖ್ಯೆ, ಗಾಡಿಗೆ ಚಾಸಿ ನಂಬರ್ ಇದ್ದಹಾಗೆ. ನೋಂದಣಿ ನಂಬರ್ ಹೊರಗಿನದ್ದು, ಅದನ್ನು ಯಾರಾದರೂ ಕಿತ್ತುಹಾಕಬಹುದು. ಒಡಲಿನ ಸಂಖ್ಯೆ ಉಳಿಯುತ್ತದೆ. ದೋಣಿ ತಂದ ದಿನವೇ ಬರೆದಿಟ್ಟುಕೊಳ್ಳಿ, ಆಮೇಲೆ ಬಿಸಿಲಿಗೆ ಅದು ಮಾಸುತ್ತದೆ. ಮಾಮೂಲಿ ಆಟದ ದೋಣಿಗಳಲ್ಲಿ ಇಂಥ ಪಟ್ಟಿಯೇ ಇರುವುದಿಲ್ಲ. ಅಂಥದ್ದಕ್ಕೆ ಎಂಜಿನ್ ಕಟ್ಟಿ ತಪಾಸಣೆಗೆ ಒಯ್ದರೆ ಪಾಸಾಗುವ ಆಸೆ ಇಟ್ಟುಕೊಳ್ಳಬೇಡಿ.

ಅಳತೆಯನ್ನು ನೀವೇ ತೆಗೆಯಿರಿ. ದೋಣಿಗೆ ಪೂರ್ತಿ ಗಾಳಿ ತುಂಬಿ ಸಪಾಟು ನೆಲದ ಮೇಲೆ ಇಟ್ಟು ಮುಂದಿನ ತುದಿಯಿಂದ ಹಿಂದಿನ ತುದಿಗೆ ನೇರವಾಗಿ ಟೇಪ್ ಹಿಡಿಯಿರಿ. ಎಂಜಿನ್ ಲೆಕ್ಕಕ್ಕಿಲ್ಲ. ಹೊರ ಅಗಲ, ಒಳ ಅಗಲ, ಟ್ಯೂಬಿನ ದಪ್ಪ ಬರೆದುಕೊಳ್ಳಿ. ಡಬ್ಬದ ಮೇಲಿನ ಅಳತೆಗೂ ನಿಮ್ಮ ಟೇಪಿಗೂ ನಾಲ್ಕೈದು ಸೆಂ.ಮೀ. ವ್ಯತ್ಯಾಸ ಬಂದರೆ ಗಾಬರಿ ಬೇಡ, ಅರ್ಜಿಯಲ್ಲಿ ಟೇಪಿನ ಅಳತೆಯನ್ನೇ ಬರೆಯಿರಿ.

ಯಾರ ಬಾಗಿಲು ತಟ್ಟಬೇಕು

ಒಳನಾಡು ಜಲಸಾರಿಗೆ ವಿಷಯ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಕರ್ನಾಟಕ ಜಲಸಾರಿಗೆ ಮಂಡಳಿ ಇವುಗಳದ್ದು. ಅವರ ಹೆಚ್ಚಿನ ಕೆಲಸ ಕರಾವಳಿಯದ್ದು. ಕೊಪ್ಪಳದವರು ನೇರ ಅಲ್ಲಿಗೆ ಹೊರಡುವ ಬದಲು ಮೊದಲು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗುವುದು ಜಾಣತನ. ಯಾವ ಅರ್ಜಿ, ಎಲ್ಲಿಗೆ ಕಳಿಸಬೇಕು, ತಪಾಸಣೆ ಎಲ್ಲಿ ನಡೆಯುತ್ತದೆ ಅಂತ ಅಲ್ಲಿ ಕೇಳಿ. ಬಾಯಿ ಮಾತಿನಲ್ಲಿ ಕೇಳಿ ವಾಪಸ್ ಬರಬೇಡಿ. ‘ಇಷ್ಟು ಉದ್ದದ ಗಾಳಿ ದೋಣಿ, ಇಷ್ಟು ಶಕ್ತಿಯ ಮೋಟರ್, ಇಂಥ ಜಲಾಶಯದಲ್ಲಿ ಮೀನುಗಾರಿಕೆಗೆ ಬಳಸಲು ನೋಂದಣಿ ಬಗ್ಗೆ ಮಾಹಿತಿ ಬೇಕು’ ಅಂತ ನಾಲ್ಕು ಸಾಲಿನ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ. ನೋಂದಣಿ ಕೈಗೆ ಬರುವವರೆಗೂ ಎಂಜಿನ್ ಮನೆಯಲ್ಲಿರಲಿ.

ಅದೇ ಕಚೇರಿಯಲ್ಲಿ ಇನ್ನೊಂದು ಕೆಲಸ ಮುಗಿಸಿಬಿಡಿ. ಕೇಂದ್ರ ಸರ್ಕಾರ 2024ರಲ್ಲಿ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆ ಶುರು ಮಾಡಿದೆ. ಅದು ಮೀನುಗಾರರ ನೋಂದಣಿ, ದೋಣಿಯದ್ದಲ್ಲ. ಹಾಗೆಯೇ ಮತ್ಸ್ಯ ಸಂಪದ ಯೋಜನೆಯಡಿ ಗುಂಪು ಅಪಘಾತ ವಿಮೆ ಇದೆ: ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರದವರೆಗೆ. ಇದು ಮನುಷ್ಯರ ವಿಮೆ, ದೋಣಿಯ ವಿಮೆ ಬೇರೆಯೇ ಮಾಡಿಸಬೇಕು.

ತಪಾಸಣೆಗೆ ಕರೆದಾಗ ದೋಣಿಗೆ ಗಾಳಿ ತುಂಬಿ ಹಿಂದಿನ ರಾತ್ರಿಯಿಂದಲೇ ಬಿಟ್ಟಿರಿ. ಬೆಳಿಗ್ಗೆಗೆ ಯಾವ ಟ್ಯೂಬ್ ಮೆತ್ತಗಾಗಿದೆ ಅಂತ ಅಧಿಕಾರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಲೈಫ್ ಜಾಕೆಟ್, ಹುಟ್ಟು, ಪಂಪ್, ಉದ್ದ ಹಗ್ಗ, ಸೀಟಿ ಜೊತೆಗಿರಲಿ.

ಎಷ್ಟು ದೊಡ್ಡದು, ಎಲ್ಲಿ, ಯಾವ ಬಣ್ಣ

ನೋಂದಣಿ ಪತ್ರದಲ್ಲಿ ಅಥವಾ ಅಧಿಕಾರಿಯ ಸೂಚನೆಯಲ್ಲಿ ಅಳತೆ, ಜಾಗ ಹೇಳಿದ್ದರೆ ಅದೇ ಅಂತಿಮ. ಹೇಳಿಲ್ಲದಿದ್ದರೆ ಒಂದು ಒಳ್ಳೆಯ ಮಾದರಿ ಇದೆ. ಅಮೆರಿಕದಲ್ಲಿ ಎಂಜಿನ್ ಇರುವ ಚಿಕ್ಕ ದೋಣಿಗಳಿಗೆ ಹಾಕುವ ನಂಬರಿಗೆ ಕೇಂದ್ರ ನಿಯಮ ತುಂಬಾ ಸ್ಪಷ್ಟ. ದೋಣಿಯ ಮುಂದಿನ ಅರ್ಧದಲ್ಲಿ, ಎರಡೂ ಬದಿಗೆ ಹಾಕಬೇಕು. ಅಕ್ಷರ ಕನಿಷ್ಠ 3 ಇಂಚು ಎತ್ತರ, ನೇರ, ಅಲಂಕಾರ ಇಲ್ಲದ ದಪ್ಪ ಅಕ್ಷರ. ಹಿನ್ನೆಲೆಗೆ ವಿರುದ್ಧ ಬಣ್ಣ. ಎಡದಿಂದ ಬಲಕ್ಕೆ ಓದಬೇಕು. ಅಕ್ಷರದ ಗುಂಪು ಮತ್ತು ಅಂಕಿಯ ಗುಂಪಿನ ಮಧ್ಯೆ ಒಂದು ಅಕ್ಷರದಷ್ಟು ಜಾಗ ಅಥವಾ ಅಡ್ಡಗೆರೆ ಇರಬೇಕು. ದೋಣಿಯ ಆಕಾರದಿಂದಾಗಿ ನಂಬರ್ ಸರಿಯಾಗಿ ಕಾಣದಿದ್ದರೆ ಹಲಗೆಯ ಮೇಲೆ ಬರೆದು ಆ ಹಲಗೆಯನ್ನು ದೋಣಿಗೆ ಜೋಡಿಸಬೇಕು. ಆ ನಿಯಮಕ್ಕೆ ನಮ್ಮ ಹಿನ್ನೀರಿನಲ್ಲಿ ಅಧಿಕಾರ ಇಲ್ಲ, ಆದರೆ ಅದರ ಹಿಂದಿನ ತರ್ಕ ಇಲ್ಲೂ ಸರಿಹೊಂದುತ್ತದೆ.

ನನ್ನ ಸಲಹೆ 3 ಇಂಚಿಗಿಂತ ಸ್ವಲ್ಪ ಜಾಸ್ತಿ, 10 ಸೆಂ.ಮೀ. ಇದಕ್ಕಿಂತ ತುಂಬಾ ದೊಡ್ಡದು ಮಾಡಿದರೆ ಲಾಭ ಇಲ್ಲ. 40 ಸೆಂ.ಮೀ. ದಪ್ಪದ ಟ್ಯೂಬಿನ ಸುತ್ತಳತೆ ಸುಮಾರು 125 ಸೆಂ.ಮೀ. ಅದರ ಮೇಲೆ 20 ಸೆಂ.ಮೀ. ಅಕ್ಷರ ಬರೆದರೆ ಅದು ಸುತ್ತಿನ ಆರನೇ ಒಂದು ಭಾಗ ಹಿಡಿಯುತ್ತದೆ. ಪಕ್ಕದ ದೋಣಿಯಿಂದ ನೋಡಿದರೆ ಅಕ್ಷರದ ತಲೆ ಆಕಾಶ ನೋಡುತ್ತಿರುತ್ತದೆ, 8 ಯಾವುದು 6 ಯಾವುದು ತಿಳಿಯುವುದಿಲ್ಲ. 10 ಸೆಂ.ಮೀ. ಅಕ್ಷರಕ್ಕೆ ಆ ತೊಂದರೆ ಕಮ್ಮಿ.

ಉದ್ದದ ಲೆಕ್ಕವನ್ನೂ ಮೊದಲೇ ಹಾಕಿ. ಒಂದು ಅಕ್ಷರ 6 ಸೆಂ.ಮೀ. ಅಗಲ, ನಡುವೆ 2 ಸೆಂ.ಮೀ. ಅಂದರೆ ಹತ್ತು ಅಕ್ಷರಕ್ಕೆ 78 ಸೆಂ.ಮೀ. ಗುಂಪುಗಳ ನಡುವಿನ ಜಾಗ ಸೇರಿದರೆ 90 ಮುಟ್ಟುತ್ತದೆ. ಮೂರು ಮೀಟರ್ ದೋಣಿಯ ಮುಂದಿನ ಅರ್ಧ 150 ಸೆಂ.ಮೀ. ಸರಿ, ಆದರೆ ಮೂತಿಯ ಹತ್ತಿರ ಟ್ಯೂಬ್ ಒಳಕ್ಕೆ ತಿರುಗುತ್ತದೆ. ಆ ಬಾಗಿದ ಭಾಗದಲ್ಲಿ ಬರೆದರೆ ಮುಂದಿನಿಂದ ನೋಡಿದವರಿಗೆ ಅರ್ಧ, ಪಕ್ಕದಿಂದ ನೋಡಿದವರಿಗೆ ಅರ್ಧ. ಬಾಗು ಮುಗಿದು ಟ್ಯೂಬ್ ನೇರ ಆಗುವಲ್ಲಿಂದ ಶುರು ಮಾಡಿ. ಹುಟ್ಟು ಸಿಕ್ಕಿಸುವ ಕೊಕ್ಕೆ, ಸುತ್ತ ಕಟ್ಟಿದ ಹಗ್ಗ, ಗಾಳಿ ಮುಚ್ಚಳ ಅಡ್ಡ ಬರುತ್ತವಾ ನೋಡಿ. ಬಲೆ ಎಳೆಯುವ ಬದಿ ಯಾವುದು ಅಂತಲೂ ಯೋಚಿಸಿ. ಆ ಬದಿಯಲ್ಲಿ ಬಲೆಯ ಸೀಸದ ಗುಂಡುಗಳು ದಿನವೂ ಉಜ್ಜಿ ಯಾವ ಬಣ್ಣವನ್ನೂ ಉಳಿಸುವುದಿಲ್ಲ.

ಟ್ಯೂಬಿನ ನೆತ್ತಿಯ ಮೇಲೆ ಬರೆಯಬೇಡಿ. ದಡದ ಮೇಲಿಂದ ಚೆನ್ನಾಗಿ ಕಾಣುತ್ತದೆ, ನೀರಿನ ಮಟ್ಟದಿಂದ ಏನೂ ಕಾಣುವುದಿಲ್ಲ. ಟ್ಯೂಬ್ ಹೊರಕ್ಕೆ ಉಬ್ಬಿರುವ ತೀರಾ ಹೊಟ್ಟೆಯ ಮೇಲೂ ಬೇಡ, ಇಬ್ಬರು ಕೂತು ಬಲೆ ಹಾಕಿದರೆ ನಂಬರ್ ನೀರಿಗೆ ಹೋಗುತ್ತದೆ. ಹೊಟ್ಟೆಗಿಂತ ನಾಲ್ಕು ಬೆರಳು ಮೇಲೆ ಸರಿಯಾದ ಜಾಗ.

ಸ್ಟಿಕರ್ ಅಂಗಡಿಯಲ್ಲಿ ಆಗುವ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಬೈಕಿನ ಡಿಸೈನ್ ಎಡಕ್ಕೊಂದು ಬಲಕ್ಕೊಂದು ಕನ್ನಡಿಯ ಥರ ತಿರುಗಿಸಿ ಕತ್ತರಿಸುವುದು ಅವರಿಗೆ ರೂಢಿ. ನಂಬರಿಗೆ ಹಾಗೆ ಮಾಡಿದರೆ ಒಂದು ಬದಿ ಉಲ್ಟಾ. ಎರಡೂ ಬದಿಗೂ ಒಂದೇ ಥರದ ಪ್ರತಿ ಬೇಕು. ದೋಣಿಯ ಎಡಬದಿಯಲ್ಲಿ ನಂಬರ್ ಮೂತಿಯ ಕಡೆಯಿಂದ ಶುರುವಾಗುತ್ತದೆ, ಬಲಬದಿಯಲ್ಲಿ ಎಂಜಿನ್ ಕಡೆಯಿಂದ.

ಬಣ್ಣ: ತಿಳಿ ಬೂದು ದೋಣಿಗೆ ಕಪ್ಪು, ಕಡು ಬೂದು ಅಥವಾ ಹಸಿರಿಗೆ ಬಿಳಿ ಅಥವಾ ಹಳದಿ. ಕೆಂಪು ಹಗಲಲ್ಲಿ ಚೆಂದ, ಸಂಜೆ ಬೂದು ಮೇಲೆ ಅದು ಕಪ್ಪಾಗಿ ಕರಗಿಬಿಡುತ್ತದೆ. ನೋಂದಣಿ ಪತ್ರದಲ್ಲಿ ಯಾವ ಲಿಪಿ ಇದೆಯೋ ಅದೇ ಲಿಪಿ ಇರಲಿ. ಕನ್ನಡದಲ್ಲಿ ಊರಿನ ಹೆಸರು, ದೋಣಿಯ ಹೆಸರು ಬರೆಸುವುದಾದರೆ ಹಿಂಭಾಗದಲ್ಲಿ ಬರೆಸಿ. ಹುಲಿಗೆಮ್ಮನ ಹೆಸರು ಎಲ್ಲಿದ್ದರೂ ಕಾಪಾಡುತ್ತಾಳೆ, ನಂಬರಿನ ಪಕ್ಕವೇ ಬೇಕು ಅಂತಿಲ್ಲ.

ನಿಮ್ಮ ದೋಣಿ ಯಾವ ರಬ್ಬರ್

ರಬ್ಬರ್ ದೋಣಿ ಅಂತ ಕರೆಯುತ್ತೇವೆ, ಆದರೆ ಬಹುತೇಕ ದೋಣಿಗಳು ಪಿವಿಸಿ. ದುಬಾರಿ ದೋಣಿಗಳಲ್ಲಿ ಹೈಪಲಾನ್ ಅನ್ನುವ ನಿಜವಾದ ಕೃತಕ ರಬ್ಬರ್ ಇರುತ್ತದೆ. ಎರಡಕ್ಕೂ ಅಂಟು ಬೇರೆ. ಕಾಣದ ಮೂಲೆಯಲ್ಲಿ ಸಣ್ಣ ಸ್ಯಾಂಡ್ ಪೇಪರಿನಿಂದ ಎರಡು ಸಲ ಉಜ್ಜಿ ನೋಡಿ. ಮಂಕಾಗಿ ಪುಡಿ ಉದುರಿದರೆ ಹೈಪಲಾನ್. ಪುಡಿ ಬಾರದೆ ಪ್ಲಾಸ್ಟಿಕ್ ಥರ ಗೀರು ಬಿದ್ದರೆ ಪಿವಿಸಿ. ಮೂರನೆಯ ಜಾತಿ ಬಟ್ಟೆಯೇ ಇಲ್ಲದ ತೆಳು ಪಿವಿಸಿ ಹಾಳೆಯದ್ದು, ಈಜುಕೊಳದ ಆಟದ ದೋಣಿ. ಅದಕ್ಕೆ ಗಟ್ಟಿ ಅಂಟು ಹಚ್ಚಿದರೆ ಹಾಳೆಯೇ ಕರಗಿ ಸುಕ್ಕಾಗುತ್ತದೆ.

ಪಿವಿಸಿ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಅದು ಮೆಲ್ಲಗೆ ಮೇಲಕ್ಕೆ ಬರುತ್ತಲೇ ಇರುತ್ತದೆ. ನಮ್ಮ ಎಲ್ಲ ತೊಂದರೆಗೂ ಮೂಲ ಇದು. ರೇಡಿಯಂ ಸ್ಟಿಕರಿನ ಅಂಟನ್ನು ಇದು ಕರಗಿಸುತ್ತದೆ, ಅಂಚು ಏಳುತ್ತದೆ. ಬೋರ್ಡ್ ಬರೆಯುವವರು ಬಳಸುವ ಎನಾಮೆಲ್ ಪೇಂಟನ್ನು ಇದು ಒಣಗಲು ಬಿಡುವುದಿಲ್ಲ. ತಿಂಗಳಾದರೂ ಕೈಗೆ ಅಂಟುತ್ತದೆ, ದೋಣಿ ಮಡಚಿದಾಗ ಒಂದು ಮಡಿಕೆಯ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಇನ್ನು ಸೈಕಲ್ ಪಂಕ್ಚರ್ ಸಲ್ಯೂಷನ್: ಟ್ಯೂಬ್ ಅಂದ ತಕ್ಷಣ ಅದೇ ನೆನಪಾಗುತ್ತದೆ ಅಲ್ವಾ? ಅದು ಪಿವಿಸಿಗೆ ಹಿಡಿಯುವುದಿಲ್ಲ. ಹೊಳೆಯಲಿ ಅಂತ ಟೈರ್ ಪಾಲಿಶ್ ಹಚ್ಚಿದ್ದರೆ ಇನ್ನೂ ಕಷ್ಟ. ಅದರಲ್ಲಿನ ಸಿಲಿಕಾನ್ ಮೇಲೆ ಏನೂ ನಿಲ್ಲುವುದಿಲ್ಲ.

ಮೇಲೆ ಬಿಸಿಲು. ಬೆಳಗಿನ 27 ಡಿಗ್ರಿಯಲ್ಲಿ ಟ್ಯೂಬಿಗೆ 0.25 ಬಾರ್ ಗಾಳಿ ತುಂಬಿದಿರಿ ಅಂದುಕೊಳ್ಳಿ. ಮಧ್ಯಾಹ್ನ ಒಳಗಿನ ಗಾಳಿ 45 ಡಿಗ್ರಿ ಮುಟ್ಟಿದರೆ ಒತ್ತಡ ಹೆಚ್ಚುಕಡಿಮೆ 0.32 ಬಾರ್ ಆಗುತ್ತದೆ, ಅಂದರೆ ಕಾಲುಭಾಗಕ್ಕಿಂತ ಜಾಸ್ತಿ ಏರಿಕೆ. ಟ್ಯೂಬ್ ಬಿಗಿಯುತ್ತದೆ, ಸ್ಟಿಕರ್ ಎಳೆದುಕೊಳ್ಳುತ್ತದೆ. ಸಂಜೆ ನೀರು ತಾಗಿ ತಣ್ಣಗಾದಾಗ ಕುಗ್ಗುತ್ತದೆ. ದಿನವೂ ಇದೇ ಆಟ ನಡೆದರೆ ಸ್ಟಿಕರ್ ಎಷ್ಟು ದಿನ ತಡೆಯುತ್ತದೆ?

ನಿಲ್ಲುವ ದಾರಿಗಳು

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಟ್ಟಿ ಅಂಟಿಸುವ ದಾರಿ. ಲಾರಿಗೆ ಹೊದಿಸುವ ಪಿವಿಸಿ ತಾಡಪತ್ರಿ ಇದೆಯಲ್ಲ, ಅದೂ ದೋಣಿಯ ಬಟ್ಟೆಯೂ ಒಂದೇ ಜಾತಿ: ನಡುವೆ ಪಾಲಿಯೆಸ್ಟರ್ ನೂಲಿನ ಬಟ್ಟೆ, ಎರಡೂ ಬದಿ ಪಿವಿಸಿ. ತಾಡಪತ್ರಿ ಹೊಲಿಯುವವರ ಅಂಗಡಿಯಲ್ಲಿ ತುಂಡು ಕೇಳಿದರೆ ಕಮ್ಮಿ ದುಡ್ಡಿಗೆ ಸಿಗುತ್ತದೆ. ಬ್ಯಾನರಿನ ಫ್ಲೆಕ್ಸ್ ಬೇಡ, ತೀರಾ ತೆಳು, ಅದರ ಪ್ರಿಂಟ್ ಒಂದು ಬೇಸಿಗೆಗೆ ಬೆಳ್ಳಗಾಗುತ್ತದೆ.

ತುಂಡನ್ನು ನಂಬರಿಗಿಂತ ಸುತ್ತ 4 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಬಲೆಗೆ ಸಿಕ್ಕಿ ಏಳುತ್ತದೆ. ನಂಬರನ್ನು ದೋಣಿಯ ಮೇಲಲ್ಲ, ಈ ತುಂಡಿನ ಮೇಲೆ ಮೇಜಿನ ಮೇಲಿಟ್ಟು ಬರೆಯಿಸಿ. ಮದುವೆ ಕಾರ್ಡು, ಕೈಚೀಲ ಪ್ರಿಂಟ್ ಮಾಡುವ ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಪಿವಿಸಿ ಇಂಕ್ ಸಿಗುತ್ತದೆ. ಅದು ಪಿವಿಸಿಯೊಳಗೆ ಸ್ವಲ್ಪ ಇಳಿದು ಹಿಡಿಯುತ್ತದೆ, ಮಡಚಿದರೂ ಬಿರಿಯುವುದಿಲ್ಲ. ಎರಡು ತುಂಡಿಗೂ ಒಂದೇ ಸ್ಕ್ರೀನ್ ಸಾಕು.

ಅಂಟಿಸುವುದಕ್ಕೆ ಪಿವಿಸಿ ದೋಣಿಗೆಂದೇ ಇರುವ, ಗಟ್ಟಿಕಾರಕ ಬೆರೆಸುವ ಪಾಲಿಯುರೇಥೇನ್ ಅಂಟು ತನ್ನಿ. ಹೈಪಲಾನ್ ದೋಣಿಯಾದರೆ ಪಟ್ಟಿಯೂ ಹೈಪಲಾನ್, ಅಂಟು ನಿಯೋಪ್ರೀನ್ ಜಾತಿಯದ್ದು. ಕೆಲಸಕ್ಕೆ ಬೇಸಿಗೆಯ ಮಧ್ಯಾಹ್ನ ಬೇಡ, ಅಂಟು ಹಚ್ಚುವಷ್ಟರಲ್ಲೇ ಒಣಗುತ್ತದೆ. ಮಳೆ ಹಿಡಿದ ದಿನವೂ ಬೇಡ, ತೇವಕ್ಕೆ ಅಂಟು ಕೆಡುತ್ತದೆ. ನೆರಳು ಇರುವ ಬೆಳಗಿನ ಹೊತ್ತು ಒಳ್ಳೆಯದು.

ದೋಣಿಗೆ ಪೂರ್ತಿ ಗಾಳಿ ತುಂಬಿ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿ. ದೂರ ನಿಂತು ಒಮ್ಮೆ ನೋಡಿ, ಸೊಟ್ಟ ಇದ್ದರೆ ಈಗಲೇ ತಿದ್ದಿ. ಆಮೇಲೆ ಗಾಳಿಯನ್ನು ಸ್ವಲ್ಪ ಇಳಿಸಿ, ಟ್ಯೂಬಿನ ದುಂಡು ಉಳಿಯಬೇಕು, ಆದರೆ ಒತ್ತಿದರೆ ಒಳಗೆ ಹೋಗಬೇಕು. ಗುರುತಿನ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒಂದೇ ದಿಕ್ಕಿನಲ್ಲಿ ಒರೆಸಿ. ನೆನೆಸಬೇಡಿ, ಒರೆಸಿ ಅಷ್ಟೇ. ಪಟ್ಟಿಯ ಹಿಂಬದಿಗೂ ಹಾಗೆಯೇ. ಈ ಹೊತ್ತಿನಲ್ಲಿ ಯಾರಿಗೂ ಬೀಡಿ ಹಚ್ಚಲು ಬಿಡಬೇಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಬೇಡಿ.

ಎರಡೂ ಮೈಗೆ ತೆಳ್ಳಗೆ ಅಂಟು ಹಚ್ಚಿ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಲಿ. ಬೆರಳಿನ ಹಿಂಬದಿ ತಾಗಿಸಿದರೆ ಅಂಟಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಎರಡನೇ ಸಲ ಹಚ್ಚಿ, ಮತ್ತೆ ಕಾಯಿರಿ. ದಪ್ಪಗೆ ಒಂದೇ ಸಲ ಹಚ್ಚಿದರೆ ಒಳಗೆ ಹಸಿ ಉಳಿದು ಗುಳ್ಳೆ ಏಳುತ್ತದೆ. ಆಮೇಲೆ ಪಟ್ಟಿಯನ್ನು ಮಧ್ಯದಿಂದ ಇಟ್ಟು ಎರಡೂ ಕಡೆಗೆ ಒತ್ತುತ್ತಾ ಹೋಗಿ. ಚಪಾತಿ ಲಟ್ಟಣಿಗೆ ಸಾಕು, ಆದರೆ ಆಮೇಲೆ ಅದು ಅಡುಗೆಮನೆಗೆ ವಾಪಸ್ ಹೋಗುವಂತಿಲ್ಲ. ಕನಿಷ್ಠ ಒಂದು ದಿನ ಪೂರ್ತಿ ಗಾಳಿ ತುಂಬಬೇಡಿ. ನೀರಿಗೆ ಇಳಿಸಲು ಇನ್ನೆರಡು ದಿನ ತಡೆದರೆ ಒಳ್ಳೆಯದು.

ಅಂಟಿನ ರಗಳೆ ಬೇಡ ಅನ್ನುವವರಿಗೆ, ಮತ್ತೆ ಆ ಮೂರನೇ ಜಾತಿಯ ತೆಳು ದೋಣಿಯವರಿಗೆ, ಕಟ್ಟುವ ಪಟ್ಟಿ ಇದೆ. ಅದೇ ತಾಡಪತ್ರಿ ತುಂಡು, ನಾಲ್ಕು ಮೂಲೆಗೆ ಐಲೆಟ್ (ದಾರ ಪೋಣಿಸುವ ಲೋಹದ ಬಳೆ) ಹೊಡೆಸಿ, ದೋಣಿಯ ಸುತ್ತಿನ ಹಗ್ಗಕ್ಕೂ ಬದಿಯ ಬಳೆಗಳಿಗೂ ನೈಲಾನ್ ದಾರದಿಂದ ಬಿಗಿಯಾಗಿ ಕಟ್ಟಿ. ಕೆಳಗಿನ ಎರಡು ಮೂಲೆ ಸಡಿಲ ಬಿಟ್ಟರೆ ಗಾಳಿಗೆ ಮಡಚಿಕೊಂಡು ನಂಬರ್ ಕಾಣುವುದಿಲ್ಲ. ಕೆಲವರು ಬೋರ್ಡ್ ಮಾಡಲು ಬಳಸುವ ಹಗುರ ಹಾಳೆ ಸನ್‌ಬೋರ್ಡ್ ಬಳಸುತ್ತಾರೆ, ಬಿಸಿಲಿಗೆ ಅದು ಬಿಸ್ಕತ್ತಿನಂತೆ ಮುರಿಯುತ್ತದೆ. ಅಕ್ರಿಲಿಕ್ ಅಥವಾ ತಗಡಿನ ಅಂಚು ಟ್ಯೂಬನ್ನೇ ಕೊಯ್ಯುತ್ತದೆ, ಅದಂತೂ ಬೇಡವೇ ಬೇಡ. ಕಟ್ಟುವ ಪಟ್ಟಿಗೆ ಅಧಿಕಾರಿ ಒಪ್ಪುತ್ತಾರಾ ಅಂತ ಮೊದಲೇ ಕೇಳಿ, ಏಕೆಂದರೆ ಬಿಚ್ಚಬಹುದಾದದ್ದನ್ನು ಶಾಶ್ವತ ಗುರುತು ಅಂತ ಎಲ್ಲರೂ ಒಪ್ಪುವುದಿಲ್ಲ.

ರೇಡಿಯಂ ಪೂರ್ತಿ ದಂಡ ಅಂತಲ್ಲ. ಎಂಜಿನ್ ಹಲಗೆ ಮರದ್ದೋ ಫೈಬರಿನದ್ದೋ ಇರುತ್ತದೆ, ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಹಿಂದೆ ಒಂದು ಪ್ರತಿ ರೇಡಿಯಂನಲ್ಲಿ ಹಾಕಿದರೆ ರಾತ್ರಿ ಟಾರ್ಚ್ ಬಿಟ್ಟಾಗ ಮೊದಲು ಹೊಳೆಯುವುದು ಅದೇ.

ಎಂಜಿನ್ ಇಲ್ಲದವರಿಗೆ: ಸಂಘದ ನಂಬರ್

ಹುಟ್ಟಿನ ದೋಣಿಗೆ, ಹರಿಗೋಲಿಗೆ ಸರ್ಕಾರದ ನಂಬರ್ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಮೀನುಗಾರರ ಸಂಘವೇ ಒಂದು ರಿಜಿಸ್ಟರ್ ಇಡಬಹುದು. ಊರಿನ ಹೆಸರು, ಆಮೇಲೆ ಕ್ರಮಸಂಖ್ಯೆ: ಹುಲಿಗಿ 14, ಕಾತರಕಿ 07. ರಿಜಿಸ್ಟರಿನಲ್ಲಿ ಮಾಲೀಕರ ಹೆಸರು, ಫೋನ್, ದೋಣಿಯ ಬಣ್ಣ, ಅಳತೆ, ಒಡಲಿನ ಸಂಖ್ಯೆ, ಫೋಟೋ. ಒಂದು ಪ್ರತಿಯನ್ನು ಹತ್ತಿರದ ಪೊಲೀಸ್ ಠಾಣೆಗೆ, ಇನ್ನೊಂದನ್ನು ಮೀನುಗಾರಿಕೆ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕೆಎ ಅಂತ ಶುರು ಮಾಡಬೇಡಿ, ಸರ್ಕಾರಿ ನಂಬರಿನಂತೆ ಕಾಣಬಾರದು. ಇದರಿಂದ ಕಾನೂನಿನ ಹಕ್ಕು ಬರುವುದಿಲ್ಲ. ಆದರೆ ಖಾಲಿ ದೋಣಿ ಸಿಕ್ಕಾಗ ಒಂದೇ ಫೋನಿಗೆ ಮನೆ ಸಿಗುತ್ತದೆ. ಹಾಗೆ ಖಾಲಿ ದೋಣಿ ಕಂಡವರು ಮೊದಲು 112ಕ್ಕೆ ಮಾಡಿ, ಸಂಘಕ್ಕೆ ಆಮೇಲೆ.

ಒಳಗೂ ಒಂದು ಗುರುತು ಇರಲಿ. ಸೀಟಿನ ಕೆಳಗೆ, ನೆಲಹಾಸಿನ ಅಡಿ, ಪರ್ಮನೆಂಟ್ ಮಾರ್ಕರಿನಲ್ಲಿ ಅದೇ ನಂಬರ್ ಬರೆದಿಡಿ. ಕದ್ದವರು ಹೊರಗಿನದ್ದನ್ನು ಕೆರೆಯುತ್ತಾರೆ, ಒಳಗೆ ನೋಡುವುದು ಕಮ್ಮಿ.

ಆಮೇಲಿನ ನಿಗಾ

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಿನ್ನೀರಿನ ದಡದ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಟ್ಯೂಬೂ ಒಂದೇ, ನಂಬರ್ ಪಟ್ಟಿಯೂ ಒಂದೇ. ದೋಣಿಯನ್ನು ಎಳೆಯಬೇಡಿ, ಇಬ್ಬರು ಎತ್ತಿಕೊಂಡು ಹೋಗಿ. ಮಡಚುವಾಗ ಪಟ್ಟಿಯ ಮಧ್ಯೆ ಮಡಿಕೆ ಬೀಳದಂತೆ ನೋಡಿಕೊಳ್ಳಿ. ಮಧ್ಯಾಹ್ನ ದಡದಲ್ಲಿ ಬಿಟ್ಟು ಊಟಕ್ಕೆ ಹೋಗುವಾಗ ಗಾಳಿ ಸ್ವಲ್ಪ ಇಳಿಸಿ, ಪಟ್ಟಿಯ ಅಂಚಿಗೂ ಟ್ಯೂಬಿನ ಹೊಲಿಗೆಗೂ ಒಳ್ಳೆಯದು. ಮೀನಿನ ಲೋಳೆ, ಪಾಚಿ ತೊಳೆಯಲು ಬಟ್ಟೆ ಸೋಪಿನ ನೀರು ಸಾಕು. ಅಂಚು ಎದ್ದಿದ್ದು ಕಂಡರೆ ಅವತ್ತೇ ಅಂಟಿಸಿ, ಒಳಗೆ ಮರಳು ಸೇರಿದ ಮೇಲೆ ಪೂರ್ತಿ ಕಿತ್ತೇ ಮಾಡಬೇಕಾಗುತ್ತದೆ.

ನೋಂದಣಿ ಪತ್ರವನ್ನು ದೋಣಿಯಲ್ಲಿ ಒಯ್ಯುವುದಾದರೆ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಲೈಫ್ ಜಾಕೆಟಿನ ಜೇಬಿನಲ್ಲಿಡಿ, ಫೋನಿನಲ್ಲೂ ಒಂದು ಫೋಟೋ ಇರಲಿ. ಎಂಜಿನ್ ಬದಲಿಸಿದರೆ, ವಿಳಾಸ ಬದಲಾದರೆ ಕಚೇರಿಗೆ ಬರೆದು ತಿಳಿಸಿ. ದೋಣಿ ಮಾರುವಾಗ ಹೆಸರು ಬದಲಾವಣೆ ಆಗುವವರೆಗೆ ‘ತಗೊಂಡು ಹೋಗಪ್ಪ, ಆಮೇಲೆ ನೋಡೋಣ’ ಅಂತ ಕಳಿಸಬೇಡಿ. ಸಂಘದ ನಂಬರ್ ಆಗಿದ್ದರೆ ಪಟ್ಟಿ ಕಿತ್ತು ಇಟ್ಟುಕೊಂಡು, ರಿಜಿಸ್ಟರಿನಲ್ಲಿ ಯಾರಿಗೆ ಮಾರಿದಿರಿ ಅಂತ ಬರೆಸಿ ಸಹಿ ಹಾಕಿ.